ಗಗನದ ಕಾವಲುಗಾರರ ಹೊರೆ

ಸಿಂಧನೂರಿನಿಂದ ಮಸ್ಕಿಯ ಮೇಲಾಗಿ ಲಿಂಗಸುಗೂರಿಗೆ ನೆಟ್ಟನೆಯ ದೂರ ಸುಮಾರು 50 ಕಿಲೊಮೀಟರು. ಬಸ್ಸಿಗೆ ಒಂದು ಗಂಟೆಗೂ ಮಿಕ್ಕಿ ಬೇಕಾಗುವ ಈ ದಾರಿಯನ್ನು, ನಿಮಿಷಕ್ಕೆ 14 ಕಿಲೊಮೀಟರು ವೇಗದ ಜೆಟ್ ವಿಮಾನವು ನಾಲ್ಕು ನಿಮಿಷಗಳೊಳಗೆ ದಾಟಿಬಿಡುತ್ತದೆ. ಇಂತಹ ವಿಮಾನಗಳು ಒಂದಕ್ಕೊಂದು ತಾಗದಂತೆ ಕಾಯುವವರು, ದೂರದ ಕೇಂದ್ರದಲ್ಲಿ ರೇಡಾರ್ ತೆರೆಯ ಮುಂದೆ ಕುಳಿತ ಸಂಚಾರ ನಿಯಂತ್ರಕರು.

ಆಕಾಶವನ್ನು ಅವರು ವಿಭಾಗಗಳಾಗಿ ಹಂಚಿಕೊಂಡಿರುತ್ತಾರೆ. ವಿಮಾನಗಳು ಹೆಚ್ಚಿದಾಗ ಒಂದು ವಿಭಾಗವನ್ನು ಎರಡಾಗಿ ಒಡೆದು ಇಬ್ಬರಿಗೆ ವಹಿಸಬಹುದು. ಆದರೆ ಜನರೇ ಸಾಲದಿದ್ದರೆ? ಎರಡು ವಿಭಾಗಗಳೂ ಒಬ್ಬರ ಪಾಲಿಗೇ ಬೀಳುತ್ತವೆ.

ಆಗ ಹೊರೆಯು ಇಮ್ಮಡಿಯಾಯಿತೆಂದು ನಾವು ಭಾವಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. ನಿಯಂತ್ರಕರು ಗಮನಿಸಬೇಕಾದುದು ಬಿಡಿ ವಿಮಾನಗಳನ್ನಷ್ಟೇ ಅಲ್ಲ, ಜೋಡಿಗಳನ್ನು: ಯಾವುದು ಯಾವುದಕ್ಕೆ ಅಡ್ಡ ಬಂದೀತು? 5 ವಿಮಾನಗಳಲ್ಲಿ 10 ಜೋಡಿಗಳು, 10ರಲ್ಲಿ 45, 20ರಲ್ಲಿ 190! ಎಲ್ಲ ಜೋಡಿಗಳೂ ಅಪಾಯಕರವಲ್ಲ, ನಿಜ. ಅಪಾಯದ ಜೋಡಿಯನ್ನು ಹೊತ್ತಿಗೆ ಮೊದಲೇ ಆರಿಸುವುದೇ ಅವರ ಕೆಲಸ.

2002ರ ಜುಲೈ 1ರ ರಾತ್ರಿ, ಸ್ವಿಟ್ಜರ್ಲೆಂಡಿನ ಜೂರಿಕ್ ಕೇಂದ್ರದಲ್ಲಿ ಜೊತೆಗಾರರು ವಿಶ್ರಾಂತಿಗೆ ಹೋಗಿದ್ದರು. ಒಬ್ಬರೇ ಎರಡು ತೆರೆಗಳನ್ನು ನೋಡುತ್ತಿದ್ದರು. ಒಂದರತ್ತ ಗಮನವಿದ್ದಾಗ ಇನ್ನೊಂದರಲ್ಲಿ ಎರಡು ವಿಮಾನಗಳು ಸಮೀಪಿಸಿದವು. ಸೂಚನೆ ತಡವಾಯಿತು, ವಿಮಾನದ ಯಂತ್ರವು ಕೊಟ್ಟ ಎಚ್ಚರಿಕೆಗೆ ಅದು ವಿರುದ್ಧವೂ ಆಗಿತ್ತು. ಜರ್ಮನಿಯ ಊಬರ್ಲಿಂಗೆನ್ ಬಳಿ 71 ಜನರು ಮಡಿದರು.

ಭಾರತದಲ್ಲಿಯೂ 2025ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ನಿಯಂತ್ರಕರ ಕೊರತೆಯನ್ನೂ ಬಳಲಿಕೆಯನ್ನೂ ಎತ್ತಿ ತೋರಿಸಿತು. ವಿಮಾನವನ್ನು ಹಣಕೊಟ್ಟು ತರಬಹುದು. ನುರಿತ ನಿಯಂತ್ರಕರನ್ನು ದೀರ್ಘ ತರಬೇತಿಯಿಂದಲೇ ಸಿದ್ಧಗೊಳಿಸಬೇಕು. ಆದುದರಿಂದ ಹೊಸ ರೆಕ್ಕೆಗಳಿಗಿಂತ ಮೊದಲು ನಾವು ಕಾಯುವ ಕಣ್ಣುಗಳನ್ನು ಎಣಿಸಬೇಕಾಗಿದೆ.