ನಿಮಗಿದು ಗೊತ್ತೆ? ದೈತ್ಯ ಗೊರಿಲ್ಲಾಕ್ಕೆ ಲೆಕ್ಕವೇ ಅಡ್ಡಿ

2018ರ ಹಾಲಿವುಡ್ ಚಿತ್ರ ‘ರ‍್ಯಾಂಪೇಜ್’ನಲ್ಲಿ ವಂಶವಾಹಿ ಮಾರ್ಪಾಟಾದ ಗೊರಿಲ್ಲಾ, ತೋಳ, ಮೊಸಳೆಗಳು ದೈತ್ಯವಾಗಿ ಬೆಳೆದು ಷಿಕಾಗೊ ನಗರವನ್ನು ಧ್ವಂಸ ಮಾಡುತ್ತವೆ. ವಂಶವಾಹಿ ತಿದ್ದುವ ‘ಕ್ರಿಸ್ಪರ್’ ತಂತ್ರ ನಿಜವಾದದ್ದೇ. ಅದಕ್ಕೆ 2020ರಲ್ಲಿ ನೊಬೆಲ್ ಕೂಡ ಬಂತು. ಆದರೂ ಇಂಥ ಪ್ರಾಣಿ ನೆಲದ ಮೇಲೆ ನಿಲ್ಲಲಾರದು. ಉದ್ದ, ಅಗಲ, ಎತ್ತರ ಮೂರೂ 10 ಪಟ್ಟಾದರೆ ಮೂಳೆಯ ಬಲ 100 ಪಟ್ಟಷ್ಟೇ ಹೆಚ್ಚುತ್ತದೆ, ತೂಕವೋ 1,000 ಪಟ್ಟು! ಮೊದಲ ಜಿಗಿತಕ್ಕೇ ಕಾಲು ಮುರಿದೀತು. ಗೆಲಿಲಿಯೊ 1638ರಲ್ಲೇ ಇದನ್ನು ವಿವರಿಸಿದ್ದ ಎಂಬುದು ನಿಜಕ್ಕೂ ಬೆರಗು.

ಹಾಗಾದರೆ ಡೈನೋಸಾರ್‌ಗಳು ಬದುಕಿದ್ದು ಹೇಗೆ ಎಂದು ಕೇಳಬಹುದು. ಅವು ಹಿಗ್ಗಿಸಿದ ಓತಿಕ್ಯಾತಗಳಲ್ಲ. ನೀಳಕತ್ತಿನ ದೈತ್ಯರಿಗೆ ಕಂಬದಂಥ ಕಾಲುಗಳಿದ್ದವು, ಬೆನ್ನುಮೂಳೆಯೊಳಗೆ ಗಾಳಿಗೂಡುಗಳಿದ್ದವು. ಇಡೀ ದೇಹದ ರಚನೆಯೇ ಕೋಟ್ಯಂತರ ವರ್ಷಗಳಲ್ಲಿ ಭಾರಕ್ಕೆ ಒಗ್ಗಿತ್ತು. ನೀಲಿ ತಿಮಿಂಗಿಲದ ಭಾರವನ್ನಂತೂ ನೀರೇ ಹೊರುತ್ತದೆ.