ವೈದ್ಯಕೀಯ ಸಂಶೋಧನೆಯೂ ನಮ್ಮ ಹೆಣ್ಣುಮಕ್ಕಳೂ

ವೈದ್ಯಶಾಸ್ತ್ರದಲ್ಲಿ ಮುಂದುವರಿಯುವುದೆಂದರೆ ಡಾಕ್ಟರಾಗುವುದು, ಇಲ್ಲವೆ ನರ್ಸಾಗುವುದು ಎಂದು ನಮ್ಮ ಸೀಮೆಯ ತಂದೆತಾಯಿಗಳಲ್ಲಿ ಅನೇಕರು ತಿಳಿದಿರುವರು. ಇವೆರಡೂ ಘನವಾದ ಸೇವೆಗಳೇ ಸರಿ. ಆದರೆ ರೋಗವು ಯಾತರಿಂದ ಹುಟ್ಟುವುದು, ದೇಹದಲ್ಲಿ ಹೇಗೆ ಹಬ್ಬುವುದು, ಅದನ್ನು ತಡೆಯುವ ಬಗೆ ಯಾವುದು ಎಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡುವವರು ಇಲ್ಲದಿದ್ದರೆ, ಡಾಕ್ಟರ ಕೈಯಲ್ಲಿ ಕೊಡಲು ತಕ್ಕ ಔಷಧವೇ ಇರುತ್ತಿರಲಿಲ್ಲ. ಈ ಮೂರನೆಯ ಮಾರ್ಗಕ್ಕೆ ವೈದ್ಯಕೀಯ ಸಂಶೋಧನೆಯೆಂದು ಹೆಸರು. ಬಿ.ಎಸ್‌ಸಿ. ಓದುವ ಹುಡುಗಿಗೂ ಈ ಬಾಗಿಲು ತೆರೆದಿರುವುದೆಂದು ತಿಳಿಸುವುದೇ ಈ ಲೇಖನದ ಉದ್ದೇಶವು.

ಸಂಶೋಧನೆಗೆ ತಕ್ಕ ಪ್ರಶ್ನೆಗಳು ದೂರದೇಶದಲ್ಲಿ ಮಾತ್ರ ಇರುವುವೆಂದು ಭಾವಿಸಬಾರದು. ನಮ್ಮ ಜಿಲ್ಲೆಯಲ್ಲಿ ಮಳೆ ಕಡಮೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಿದ್ದರೂ, ಈ ಸೀಮೆಯ ಎಷ್ಟೋ ಹಳ್ಳಿಗಳು ಬಹುಕಾಲ ಕೊಳವೆಬಾವಿಗಳನ್ನೇ ನಂಬಿ ಬಂದಿರುವುವು. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿ ಸೇರುವುದು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಅದರಿಂದ ಬೆಳೆಯುವ ಮಕ್ಕಳ ಹಲ್ಲುಗಳು ಕಲೆಗಟ್ಟುವುವು. ಅದನ್ನೇ ಅನೇಕ ವರ್ಷ ಕುಡಿದವರ ಎಲುಬುಕೀಲುಗಳು ಬಿಗಿದುಕೊಳ್ಳುವುವು. ಒಂದೇ ಬಾವಿಯ ನೀರು ಒಬ್ಬರನ್ನು ಹೆಚ್ಚಾಗಿಯೂ ಮತ್ತೊಬ್ಬರನ್ನು ಕಡಮೆಯಾಗಿಯೂ ಬಾಧಿಸುವುದೇಕೆ? ಇಂಥಾ ಪ್ರಶ್ನೆಯನ್ನು, ಆ ನೀರನ್ನೇ ಕುಡಿದು ಬೆಳೆದ ಹುಡುಗಿಯಷ್ಟು ಆಸ್ಥೆಯಿಂದ ಮತ್ತಾರು ಕೇಳಿಯಾರು?

ಕೇಳುವುದನ್ನೂ ಕಲಿಯಬೇಕು. ಅದಕ್ಕಾಗಿಯೇ ಬೇಸಗೆಯ ಶಿಕ್ಷಣಗಳು ಏರ್ಪಟ್ಟಿವೆ. 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಸೇರಿ, ಕಾಲೇಜು ವಿದ್ಯಾರ್ಥಿಗಳನ್ನು ಆರಿಸಿ, ಎರಡು ತಿಂಗಳ ಕಾಲ ಹೆಸರಾಂತ ವಿಜ್ಞಾನಿಗಳ ಬಳಿಗೆ ಕಳುಹಿಸುವುದು. ಖರ್ಚಿಗೆ ಮಾಸಿಕ ವೇತನವನ್ನೂ ಕೊಡುವುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಬೇಸಗೆಯ ಶಿಷ್ಯವೇತನವುಂಟು. ಎಂ.ಬಿ.ಬಿ.ಎಸ್. ಓದುವವರಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1979ರಲ್ಲಿಯೇ ಅಲ್ಪಾವಧಿಯ ವೇತನವನ್ನು ಆರಂಭಿಸಿತು. ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನದ ಅಧ್ಯಾಪಕರಿಗೆ ಪ್ರಯೋಗಶಿಕ್ಷಣ ನಡೆದುಬಂದಿರುವುದು.

ಈ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ಸುಲಭವಾಗಿ ತೆರೆಯಲಿಲ್ಲ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತರು ಬೆಂಗಳೂರಿನಲ್ಲಿ ಪ್ರವೇಶ ಕೇಳಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು, ಅವರು ಹೆಂಗಸೆಂಬ ಕಾರಣದಿಂದಲೇ ನಿರಾಕರಿಸಿದರು. ಆಕೆ ಹಿಂದೆಗೆಯಲಿಲ್ಲ. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಕೆಲಸಮಾಡಿದರು. ಮುಂದೆ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದರು. ಕಮಲಾ ಸೋಹನಿಯೆಂದು ಪ್ರಸಿದ್ಧರಾದವರು ಇವರೇ.

ಇಂದು ಅಂಥಾ ಷರತ್ತಿಲ್ಲ. ಆದರೂ ಹಳ್ಳಿಯ ಕಾಲೇಜಿನ ಹುಡುಗಿ, ಮನೆಯಲ್ಲಿ ಮೊದಲಿಗೆ ಕಾಲೇಜಿನ ಮೆಟ್ಟಿಲೇರಿದ ಹುಡುಗಿ, ಈ ಶಿಕ್ಷಣಗಳ ಸುದ್ದಿಯನ್ನೇ ಕೇಳದೆ ಓದು ಮುಗಿಸುವಳು. ಸುದ್ದಿ ತಿಳಿದಾಗ ಅರ್ಜಿಯ ಕಾಲವು ಮೀರಿರುವುದು. ಯಾಕೆಂದರೆ ಬೇಸಗೆಯ ಶಿಕ್ಷಣಕ್ಕೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಕಳುಹಿಸಬೇಕಾಗುವುದು. ಅರ್ಜಿಗೆ ಅಂಕಪಟ್ಟಿಯೊಡನೆ, ತಾನು ಏನನ್ನು ಏತಕ್ಕಾಗಿ ಕಲಿಯಲಿಚ್ಛಿಸುವೆನೆಂಬ ಸಣ್ಣ ಬರಹವೂ, ಅಧ್ಯಾಪಕರೊಬ್ಬರ ಶಿಫಾರಸು ಪತ್ರವೂ ಬೇಕು. ನೀರಿನ ವಿಷಯವಾದ ತನ್ನ ಪ್ರಶ್ನೆಯನ್ನು ಸರಳವಾದ ಮಾತಿನಲ್ಲಿ ಬರೆದರೂ ಸಾಕು. ಅಲಂಕಾರದ ಇಂಗ್ಲಿಷು ಬೇಕಾಗಿಲ್ಲ.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಗಳು ಎರಡು ತಿಂಗಳು ಪರವೂರಿನಲ್ಲಿರುವುದಕ್ಕೆ ಅಂಜಿ ಕೂಡಲೇ ಬೇಡವೆನ್ನದಿರಿ. ಸಂಸ್ಥೆಗೆ ಬರೆದು, ವಸತಿಯ ವಿವರವನ್ನು ವಿಚಾರಿಸಿ, ಆ ಬಳಿಕ ನಿರ್ಧರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬೆಂಗಳೂರು ಮುಂತಾದ ಊರುಗಳಲ್ಲಿರುವವರು ಅರ್ಜಿಯ ಕಾಲವನ್ನು ಶಾಲೆಗೆ ತಿಳಿಸಿರಿ. ಹೋದ ಹುಡುಗಿಗೆ ಅಕ್ಕಂದಿರಂತೆ ಆಸರೆಯಾಗಿರಿ. ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಕಥೆಯನ್ನು ನಾವೆಲ್ಲರೂ ಈ ಶಾಲೆಯಲ್ಲಿ ಕೇಳಿರುವೆವು. ನಮ್ಮ ಮಕ್ಕಳ ಬುದ್ಧಿಯೂ ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟ ಅಂಥಾ ಒಡವೆಯೇ ಆಗಿರುವುದು.