ವೈಫೈ ಜಾಲಕ್ಕೆ ವಿದ್ಯುತ್ತಿನ ಲೆಕ್ಕ

ಮಧುಗಿರಿ, ಸಿರಾ, ಪಾವಗಡಗಳ ಬಯಲುಸೀಮೆಯ ವಾಚಕರು ನೀರಗಂಟಿಯ ವಿಚಾರವನ್ನು ಹಿರಿಯರಿಂದ ಕೇಳಿರಬಹುದು. ಕೆರೆಯಲ್ಲಿ ನೀರೆಷ್ಟಿದೆ, ಅದು ಎಷ್ಟು ಗದ್ದೆಗಳಿಗೆ ಸಾಕಾದೀತು ಎಂಬುದನ್ನು ಅರಿತೇ ಅವನು ತೂಬನ್ನು ಎತ್ತುತ್ತಿದ್ದನು. ಕಾಲುವೆ ಇದ್ದ ಮಾತ್ರಕ್ಕೆ ನೀರು ಇದ್ದಂತಾಗದು. ಕಾಲೇಜಿನ ವೈಫೈ ಜಾಲಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ತರಗತಿಯ ಚಾವಣಿಯಲ್ಲಿ ಕಾಣುವ ಚಿಕ್ಕ ಬಿಳಿಯ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಸಾಮಾನ್ಯವಾಗಿ ಅದಕ್ಕೆ ಬೇರೆ ವಿದ್ಯುತ್ ತಂತಿ ಇರುವುದಿಲ್ಲ. ಸಂದೇಶವನ್ನು ಒಯ್ಯುವ ಈಥರ್ನೆಟ್ ಕೇಬಲೇ ವಿದ್ಯುತ್ತನ್ನೂ ಒಯ್ಯುತ್ತದೆ. ಇವೆರಡನ್ನೂ ಹಂಚುವ ಯಂತ್ರವೇ ನೆಟ್‌ವರ್ಕ್ ಸ್ವಿಚ್. ಐ.ಇ.ಇ.ಇ. ಸಂಸ್ಥೆಯು 2003ರಲ್ಲಿ ಈ ಪದ್ಧತಿಗೆ ಮೊದಲ ಪ್ರಮಾಣವನ್ನು ಗೊತ್ತುಪಡಿಸಿ, ಒಂದು ಪೋರ್ಟಿಗೆ 15.4 ವಾಟ್ ಎಂದು ವಿಧಿಸಿತು. 2009ರಲ್ಲಿ ಈ ಮಿತಿ 30 ವಾಟಿಗೂ 2018ರಲ್ಲಿ 90 ವಾಟಿಗೂ ಏರಿತು.

ಕಳುಹಿಸಿದ ವಿದ್ಯುತ್ತೆಲ್ಲ ತಲಪುವುದಿಲ್ಲ. ಮೊದಲ ಪ್ರಮಾಣದಲ್ಲಿ 100 ಮೀಟರ್ ಕೇಬಲಿನ ರೋಧ ಹೆಚ್ಚೆಂದರೆ 20 ಓಮ್, ಪ್ರವಾಹ 0.35 ಆಂಪಿಯರ್ ಎಂದು ಗಣಿಸಲಾಗಿದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 2.45 ವಾಟ್. ಕಾಲುವೆಯಲ್ಲಿ ನೀರು ಇಂಗುವಂತೆ ಇಷ್ಟು ಶಕ್ತಿ ಉಷ್ಣವಾಗಿ ಕಳೆದು, 12.95 ವಾಟ್ ಮಾತ್ರ ಉಪಕರಣವನ್ನು ಸೇರುತ್ತದೆ. ಆದರೆ ಸ್ವಿಚ್ಚು ಭರಿಸಬೇಕಾದುದು ಪೂರ್ಣ 15.4 ವಾಟನ್ನು.

ಈಗ ಒಂದು ಲೆಕ್ಕವನ್ನು ಮಾಡೋಣ. ಮಧುಗಿರಿಯ ಒಂದು ಕಾಲೇಜಿನಲ್ಲಿ ಎಂಟು ಪೋರ್ಟುಗಳ ಸ್ವಿಚ್ಚಿದೆ, ಅದು ಒಟ್ಟು 120 ವಾಟ್ ಹಂಚಬಲ್ಲುದು ಎಂದು ಭಾವಿಸೋಣ. ಆರು ಹಳೆಯ ಆಕ್ಸೆಸ್ ಪಾಯಿಂಟುಗಳಿಗೆ 92.4 ವಾಟ್ ಮೀಸಲು, ಉಳಿದದ್ದು 27.6. ತಲಾ 30 ವಾಟ್ ಬೇಡುವ ಎರಡು ಹೊಸವನ್ನು ಸೇರಿಸಬೇಕಾಗಿದೆ. ಪೋರ್ಟುಗಳೇನೋ ಎರಡು ಖಾಲಿ ಇವೆ. ವಿದ್ಯುತ್ತು ಒಂದಕ್ಕೂ ಸಾಲದು!

ಕೆಲವು ಸ್ವಿಚ್ಚುಗಳು ಆಗ ಹೊಸ ಉಪಕರಣಕ್ಕೆ ವಿದ್ಯುತ್ತನ್ನೇ ನಿರಾಕರಿಸುತ್ತವೆ. ಇನ್ನು ಕೆಲವು, ಆ ಕ್ಷಣದ ನಿಜವಾದ ಬಳಕೆಯನ್ನು ಅಳೆದು ಹಂಚುತ್ತವೆ. ಅಪಾಯ ಅಡಗಿರುವುದು ಇಲ್ಲಿಯೇ. ಬಳಸುವವರು ವಿರಳವಾಗಿರುವ ಮುಂಜಾನೆ ಎಂಟೂ ಬೆಳಗುತ್ತವೆ. ಪರೀಕ್ಷೆಯ ಹೊತ್ತಿಗೆ ನೂರಾರು ವಿದ್ಯಾರ್ಥಿಗಳು ಒಮ್ಮೆಲೇ ಜಾಲವನ್ನು ಸೇರಿದಾಗ ಬಳಕೆ ಏರಿ, ಕಡಿಮೆ ಆದ್ಯತೆಯ ಪೋರ್ಟು ಆರಿಹೋಗುತ್ತದೆ. ಆ ಕೊಠಡಿಯವರ ಉತ್ತರಗಳು ಅರ್ಧಕ್ಕೇ ನಿಲ್ಲಬಹುದು.

ಆದ್ದರಿಂದ ಗರಿಷ್ಠ ಬೇಡಿಕೆಯನ್ನೇ ಕೂಡಿಸತಕ್ಕದ್ದು. ಇಲ್ಲಿ ಅದು 152.4 ವಾಟ್; ಮುಂದಿನ ಅಗತ್ಯಕ್ಕೆಂದು ಕಾಲು ಭಾಗ ಸೇರಿಸಿದರೆ ಸುಮಾರು 190 ವಾಟಿನ ಸ್ವಿಚ್ಚು ಬೇಕು. ಇಲ್ಲವೇ, ಹೊಸ ಎರಡಕ್ಕೂ ಇಂಜೆಕ್ಟರ್ ಎಂಬ ಪ್ರತ್ಯೇಕ ವಿದ್ಯುತ್ ಪೂರೈಕೆಯನ್ನು ಒದಗಿಸಬಹುದು.

ಪಾವಗಡದ ಸೌರ ಉದ್ಯಾನದ ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ನೆರೆಯಲ್ಲಿ ಅಷ್ಟು ಶಕ್ತಿ ಹುಟ್ಟಿದರೂ, ನಮ್ಮ ಸ್ವಿಚ್ಚು ಕೊಡಬಲ್ಲುದು 120 ವಾಟ್ ಮಾತ್ರ. ಪೋರ್ಟನ್ನು ಎಣಿಸುವ ಮೊದಲು ವಾಟನ್ನು ಎಣಿಸುವುದೇ ಜಾಣತನ.